ಬಾಗಿಲಾಚೆಯ ಬೀದಿ

ಮುಪ್ಪಿನಲ್ಲಿ ಮನಸ್ಸು ಕುಗ್ಗುವುದಕ್ಕೆ ಕಾರಣವನ್ನು ನಾವು ಸಾಮಾನ್ಯವಾಗಿ ದೇಹದಲ್ಲಿಯೋ ಸ್ವಭಾವದಲ್ಲಿಯೋ ಹುಡುಕುತ್ತೇವೆ. ವೃದ್ಧರು ವಾಸಿಸುವ ಬೀದಿಯನ್ನು ವಿಚಾರಿಸುವವರು ಕಡಮೆ. ಅಮೆರಿಕದ ಷಿಕಾಗೊ ನಗರದ ಒಂದು ದುರಂತವು ವಿಜ್ಞಾನಿಗಳ ಗಮನವನ್ನು ಆ ಕಡೆಗೆ ತಿರುಗಿಸಿತು.

1995ರ ಜುಲೈ ತಿಂಗಳಲ್ಲಿ ಅಲ್ಲಿಯ ಉಷ್ಣತೆಯು 41 ಡಿಗ್ರಿ ಸೆಲ್ಸಿಯಸಿಗೆ ಏರಿತು. ರಾಯಚೂರಿನ ಬೇಸಗೆಯನ್ನು ಕಂಡವರಿಗೆ ಇದೇನು ಮಹಾ ಎನ್ನಿಸಬಹುದು. ಆದರೆ ಗಾಳಿಯಲ್ಲಿ ನೀರಾವಿ ತುಂಬಿ ಬೆವರು ಆರದಾಯಿತು. ಇಟ್ಟಿಗೆಯ ಮನೆಗಳು ಒಲೆಗಳಂತೆ ಕಾದವು. ಒಂದು ವಾರದಲ್ಲಿ ವಾಡಿಕೆಗಿಂತ 739 ಮಂದಿ ಹೆಚ್ಚಾಗಿ ಸತ್ತರು. ಅವರಲ್ಲಿ ಬಹುಪಾಲು ವೃದ್ಧರು; ಅನೇಕರು ಮುಚ್ಚಿದ ಬಾಗಿಲಿನ ಹಿಂದೆ ಒಂಟಿಯಾಗಿ ಪ್ರಾಣಬಿಟ್ಟರು.

ಎರಿಕ್ ಕ್ಲಿನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿ ನೋಡಿದರು. ಬಡವರಾದ, ಒಂಟಿಯಾದ ವೃದ್ಧರ ಪ್ರಮಾಣವು ಎರಡರಲ್ಲಿಯೂ ಹೆಚ್ಚುಕಡಮೆ ಒಂದೇ. ಆದರೂ ಸೆಕೆಗೆ ಬಲಿಯಾದವರು ಉತ್ತರ ಲಾನ್‌ಡೇಲಿನಲ್ಲಿ 19, ದಕ್ಷಿಣ ಲಾನ್‌ಡೇಲಿನಲ್ಲಿ 3. ಜನಸಂಖ್ಯೆಯ ಲೆಕ್ಕದಲ್ಲಿ ಅಂತರವು ಸುಮಾರು ಹತ್ತರಷ್ಟು!

ಈ ಅಂತರಕ್ಕೆ ಕಾರಣವನ್ನು ಅವರು ಬೀದಿಯಲ್ಲಿ ಕಂಡರು. ಉತ್ತರದಲ್ಲಿ ಕಾರ್ಖಾನೆಗಳು ಮುಚ್ಚಿದ್ದವು, ಅಂಗಡಿಗಳು ಎದ್ದುಹೋಗಿದ್ದವು, ನೆರೆಯವರು ಊರು ಬಿಟ್ಟಿದ್ದರು, ಪಾಳುಮನೆಗಳೂ ಖಾಲಿ ನಿವೇಶನಗಳೂ ಉಳಿದಿದ್ದವು. ಕಳ್ಳಕಾಕರಿಗೆ ಅಂಜಿ ವೃದ್ಧರು ಹೊರಗೆ ಕಾಲಿಡಲು, ತಟ್ಟಿದವರಿಗೆ ಬಾಗಿಲು ತೆರೆಯಲು ಸಹ ಹಿಂಜರಿಯುತ್ತಿದ್ದರು. ದಕ್ಷಿಣದಲ್ಲಾದರೋ ಅಂಗಡಿಬೀದಿಯು ಜನರಿಂದ ತುಂಬಿತ್ತು. ಮೆಕ್ಸಿಕೊ ಮೂಲದ ಹೊಸಬರ ನಡುವೆ ಉಳಿದುಕೊಂಡಿದ್ದ ಹಳೆಯ ಬಿಳಿಯ ನಿವಾಸಿಗಳಿಗೆ ಅಲ್ಲಿ ನೆಂಟರಿಷ್ಟರಿಲ್ಲದಿದ್ದರೂ ಹೊರಡುವುದಕ್ಕೆ ಅಂಜಿಕೆಯಿರಲಿಲ್ಲ.

ಯುವಕನು ತನ್ನ ಬೀದಿ ಬೇಸರವಾದರೆ ಬಸ್ಸು ಹತ್ತಿ ಮತ್ತೊಂದು ಕಡೆಗೆ ಹೋದಾನು. ಕಾಲು ಸೋತವರಿಗೆ ಬೀದಿಯೇ ಪ್ರಪಂಚ. ಅದು ಅಂಜಿಕೆ ಹುಟ್ಟಿಸಿದರೆ ಅವರು ಮನೆಯೊಳಗೇ ಉಳಿಯುತ್ತಾರೆ, ಮಾತು ನಿಲ್ಲುತ್ತದೆ, ಮನಸ್ಸು ಕುಗ್ಗುತ್ತದೆ, ಕುಗ್ಗಿದ ಮನಸ್ಸಿಗೆ ಹೊರಡುವ ಉತ್ಸಾಹವೂ ಇಲ್ಲವಾಗುತ್ತದೆ.

ಎರಡು ಬಡಾವಣೆಗಳ ಹೋಲಿಕೆಯಿಂದಲೇ ಕಾರ್ಯಕಾರಣ ಸಂಬಂಧವು ಸಿದ್ಧವಾಗದೆಂದು ಓದುಗರು ಆಕ್ಷೇಪಿಸಬಹುದು. ಅದು ಸರಿಯೇ. ಆದುದರಿಂದ ಪ್ರಯೋಗವೇ ಬೇಕು. ಅಂಥದೊಂದು ಪ್ರಯೋಗದ ಫಲವು 2018ರಲ್ಲಿ ಫಿಲಡೆಲ್ಫಿಯ ನಗರದಿಂದ ಪ್ರಕಟವಾಯಿತು. ಪಾಳುಬಿದ್ದ 541 ನಿವೇಶನಗಳನ್ನು ಚೀಟಿ ಎತ್ತಿದಂತೆ ಮೂರು ಪಾಲುಮಾಡಿ, ಕೆಲವಲ್ಲಿ ಹುಲ್ಲು ಬೆಳೆಸಿ, ಗಿಡ ನೆಟ್ಟು, ಗಿಡ್ಡ ಮರದ ಬೇಲಿ ಹಾಕಿದರು, ಕೆಲವಲ್ಲಿ ಕಸವನ್ನಷ್ಟೇ ಎತ್ತಿದರು, ಉಳಿದವನ್ನು ಮುಟ್ಟಲಿಲ್ಲ. ಸುತ್ತಲಿನ ನಿವಾಸಿಗಳನ್ನು ಮೊದಲೂ ಅನಂತರವೂ ಪ್ರಶ್ನಿಸಿದರು. ಇವರು ವೃದ್ಧರಷ್ಟೇ ಅಲ್ಲ, ಎಲ್ಲ ವಯಸ್ಸಿನ ದೊಡ್ಡವರು. ಮುಟ್ಟದೆ ಬಿಟ್ಟ ನಿವೇಶನಗಳ ನೆರೆಯವರಿಗೆ ಹೋಲಿಸಿದರೆ, ಹಸುರಾದ ನಿವೇಶನಗಳ ಬಳಿ ಮನಸ್ಸು ಕುಗ್ಗಿದೆ ಎನ್ನುವವರ ಪ್ರಮಾಣವು ಶೇಕಡ 41.5ರಷ್ಟು ಇಳಿದಿತ್ತು. ಕಸವನ್ನಷ್ಟೇ ಎತ್ತಿದ ಕಡೆ ಗಣನೀಯವಾದ ಬದಲಾವಣೆಯೇನೂ ಕಾಣಲಿಲ್ಲ.