ಮೂರು ದಿನದ ಬಿಯರು, ಐವತ್ತು ವರ್ಷದ ಬಳಗ

 

ಇವತ್ತಿನ ವಿಷಯ ನಾನಿರುವ ಬ್ರಿಟನ್ನಿನದು. ಇಲ್ಲಿ ‘ರಿಯಲ್ ಏಲ್’ ಅನ್ನೋ ಒಂದು ಬಗೆಯ ಬಿಯರ್ ಇದೆ. ಅದನ್ನ ಉಳಿಸಿಕೊಳ್ಳೋದಕ್ಕೆ ಅಂತಲೇ ಊರೂರಲ್ಲೂ ಗುಂಪುಗಳಿವೆ. ಆಗಾಗ ಸಭೆ ಸೇರುತ್ತಾರೆ, ಬಸ್ಸು ಹತ್ತಿ ಹಳ್ಳಿಯ ಪಬ್ಬುಗಳಿಗೆ ಹೋಗುತ್ತಾರೆ, ಕೆಲವರು ವರ್ಷಕ್ಕೊಮ್ಮೆ ಜಾತ್ರೆಯ ಹಾಗೆ ಬಿಯರ್ ಹಬ್ಬವನ್ನೂ ಮಾಡುತ್ತಾರೆ. ಒಂದು ಲೋಟ ಬಿಯರಿಗೆ ಇಷ್ಟೊಂದು ಸಂಘಟನೆ ಯಾಕಪ್ಪಾ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಜೀವವಿಜ್ಞಾನಿಯ ಕಣ್ಣಿಂದ ನೋಡಿದಾಗ, ಇದಕ್ಕೆ ಕಾರಣ ಆ ಪೀಪಾಯಿಯ ಒಳಗೇ ಇದೆ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಇದು ಕುಡಿಯಿರಿ ಅಂತ ಹೇಳೋ ಸಂಚಿಕೆ ಅಲ್ಲ. ಕುಡಿಯದವರೂ ಆರಾಮಾಗಿ ಕೇಳಬಹುದು. ಕೊನೆಯಲ್ಲಿ ಆರೋಗ್ಯದ ಲೆಕ್ಕವನ್ನೂ ಮಾಡೋಣ.

ಪೀಪಾಯಿಯೊಳಗೆ ಏನು ನಡೆಯುತ್ತೆ?

ನಾವು ಸಾಮಾನ್ಯವಾಗಿ ನೋಡುವ ಬಾಟಲಿ ಅಥವಾ ಕೆಗ್ ಬಿಯರಿನ ಕಥೆ ಸರಳ. ಹುದುಗಿಸುತ್ತಾರೆ, ಹೆಚ್ಚಿನ ಕಂಪನಿಗಳು ಅದನ್ನ ಸೋಸಿ, ಯೀಸ್ಟನ್ನು ತೆಗೆದುಬಿಡುತ್ತವೆ. ಎಷ್ಟೋ ಸಲ ಪಾಶ್ಚರೀಕರಣವನ್ನೂ ಮಾಡುತ್ತವೆ. ಆಮೇಲೆ ಹೊರಗಿನಿಂದ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಅಲ್ಲಿಗೆ ಅದರೊಳಗಿನ ಜೀವ ಮುಗಿದ ಹಾಗೆ. ಹಾಗಾಗಿಯೇ ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಕೆಡದೆ ಇರುತ್ತೆ.

ರಿಯಲ್ ಏಲ್‌ನಲ್ಲಿ ಯೀಸ್ಟು ಬದುಕಿರುತ್ತೆ. ಸ್ವಲ್ಪ ಸಕ್ಕರೆಯ ಅಂಶ ಉಳಿದಿರುವಾಗಲೇ ಬಿಯರನ್ನು ಪೀಪಾಯಿಗೆ ತುಂಬಿ ಪಬ್ಬಿಗೆ ಕಳಿಸುತ್ತಾರೆ. ಅಲ್ಲಿ, ಪಬ್ಬಿನ ನೆಲಮಾಳಿಗೆಯಲ್ಲಿ, ಎರಡನೇ ಸುತ್ತಿನ ಹುದುಗುವಿಕೆ ನಡೆಯುತ್ತೆ. ಗುಳ್ಳೆ, ಪರಿಮಳ, ರುಚಿ ಎಲ್ಲವೂ ಹದಕ್ಕೆ ಬರೋದು ಅಲ್ಲೇ. ಅಂದರೆ ಅಡುಗೆಯ ಕೊನೆಯ ಹಂತ ಪಬ್ಬಿನವರ ಕೈಯಲ್ಲಿದೆ. ರುಬ್ಬಿದ ಇಡ್ಲಿ ಹಿಟ್ಟನ್ನ ನಿಮ್ಮ ಮನೆಗೆ ಕೊಟ್ಟು, ಉಬ್ಬಿಸೋ ಜವಾಬ್ದಾರಿ ನಿಮ್ಮದು ಅಂದ ಹಾಗೆ.

ಪೀಪಾಯಿ ಬಂದ ಮೇಲೆ ಅದನ್ನ ಅಡ್ಡಲಾಗಿ ಮಲಗಿಸುತ್ತಾರೆ. ಮೇಲಿನ ತೂತಿಗೆ ‘ಸ್ಪೈಲ್’ ಅನ್ನೋ ಒಂದು ಪುಟ್ಟ ಬೆಣೆ ಬಡಿಯುತ್ತಾರೆ. ಮೆತ್ತಗಿನ ಮರದ ಬೆಣೆಯಾದರೆ ಗಾಳಿಯಾಡುತ್ತೆ, ಹೆಚ್ಚಿನ ಅನಿಲ ನೊರೆಯಾಗಿ ಹೊರಬರುತ್ತೆ. ನಮ್ಮೂರಿನ ಗುಂಪಿನ ಹಿರಿಯರೊಬ್ಬರು ನನಗೆ ತೋರಿಸಿದ ಪರೀಕ್ಷೆ ಇದು: ಬೆಣೆಯ ಮೇಲಿನ ನೊರೆಯನ್ನ ಬಟ್ಟೆಯಿಂದ ಒರೆಸಿ, ಅದು ಮತ್ತೆ ಎಷ್ಟು ಬೇಗ ಬರುತ್ತೆ ಅಂತ ನೋಡೋದು. ತಕ್ಷಣ ಬಂದರೆ ಯೀಸ್ಟು ಇನ್ನೂ ಜೋರಾಗಿ ಕೆಲಸ ಮಾಡ್ತಿದೆ. ನಿಧಾನವಾದರೆ ಗಟ್ಟಿ ಬೆಣೆ ಹಾಕಿ, ಉಳಿದ ಅನಿಲವನ್ನು ಒಳಗೇ ಹಿಡಿದಿಡಬೇಕು. ಲ್ಯಾಬಿನಲ್ಲಿ ನಾವು ಉಪಕರಣ ಇಟ್ಟು ಅಳೆಯೋ ಹುದುಗುವಿಕೆಯ ವೇಗವನ್ನ ಅವರು ಒಂದು ಬಟ್ಟೆ ತುಂಡಿನಲ್ಲಿ ಅಳೆಯುತ್ತಾರೆ ನೋಡಿ.

ನೆಲಮಾಳಿಗೆಯ ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್ ಇರಬೇಕು. ‘ಇಂಗ್ಲಿಷರು ಬಿಸಿ ಬಿಯರ್ ಕುಡೀತಾರೆ’ ಅನ್ನೋ ತಮಾಷೆ ಕೇಳಿರ್ತೀರಿ. ಆದರೆ 12 ಡಿಗ್ರಿ ಅಂದರೆ ಬೆಂಗಳೂರಿನ ಡಿಸೆಂಬರ್ ಬೆಳಗಿಗಿಂತಲೂ ತಂಪು. ತೀರಾ ತಣ್ಣಗಾದರೆ ಯೀಸ್ಟು ಮಲಗುತ್ತೆ, ಬೆಚ್ಚಗಾದರೆ ಅನಿಲ ಹಾರಿಹೋಗುತ್ತೆ.

ಸಸ್ಯಾಹಾರಿಗಳು ಕೇಳಲೇಬೇಕಾದ ಪ್ರಶ್ನೆ

ಯೀಸ್ಟು ತೇಲುತ್ತಿದ್ದರೆ ಬಿಯರ್ ಮಬ್ಬಾಗಿ ಕಾಣುತ್ತೆ. ಅದನ್ನ ತಿಳಿಗೊಳಿಸೋಕೆ ಹಳೆಯ ಕಾಲದಿಂದ ಬಳಸೋದು ‘ಐಸಿಂಗ್ಲಾಸ್’. ಇದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ ತೆಗೆದ ಕೊಲಾಜೆನ್ ಪ್ರೋಟೀನು. ಬಿಯರಿನ ಹುಳಿ ವಾತಾವರಣದಲ್ಲಿ ಅದಕ್ಕೆ ಧನ ವಿದ್ಯುದಂಶ, ಯೀಸ್ಟಿನ ಹೊರಮೈಗೆ ಋಣ ವಿದ್ಯುದಂಶ. ಎರಡೂ ಅಂಟಿಕೊಂಡು, ಭಾರವಾಗಿ ತಳಕ್ಕೆ ಕೂರುತ್ತವೆ. ಚೆಂದದ ಭೌತವಿಜ್ಞಾನವೇನೋ ಹೌದು, ಆದರೆ ಸಸ್ಯಾಹಾರಿಗಳಿಗೆ ಕಷ್ಟ. ಹೀಗೆ ಬಳಸಿದ್ದನ್ನು ಲೇಬಲ್ಲಿನಲ್ಲಿ ಬರೆಯಲೇಬೇಕು ಅಂತ ಇಲ್ಲಿ ನಿಯಮವೂ ಇಲ್ಲ. ಈಗ ಹಲವು ಬ್ರೂವರಿಗಳು ಐಸಿಂಗ್ಲಾಸ್ ಬಿಟ್ಟು ಬಿಯರನ್ನ ಮಬ್ಬಾಗಿಯೇ ಕೊಡುತ್ತವೆ. ಬೇಕಾದವರು ಕೌಂಟರಿನಲ್ಲಿ ಕೇಳಬಹುದು, ಅದಕ್ಕೆ ಸಂಕೋಚ ಬೇಡ.

ಮೂರು ದಿನದ ಗಡಿಯಾರ

ಈಗ ಮುಖ್ಯ ವಿಷಯಕ್ಕೆ ಬರೋಣ. ಪೀಪಾಯಿಯಿಂದ ಒಂದೊಂದು ಲೋಟ ತೆಗೆದ ಹಾಗೆಲ್ಲ, ಆ ಜಾಗಕ್ಕೆ ಹೊರಗಿನ ಗಾಳಿ ಬರುತ್ತೆ. ಗಾಳಿಯ ಜೊತೆ ಆಮ್ಲಜನಕ. ಅದು ಪರಿಮಳವನ್ನ ಹಾಳುಮಾಡುತ್ತೆ. ಅಷ್ಟೇ ಅಲ್ಲ, ಅಸಿಟೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ಆಲ್ಕೋಹಾಲನ್ನ ಅಸಿಟಿಕ್ ಆಮ್ಲ ಮಾಡುತ್ತವೆ, ಅಂದರೆ ವಿನೆಗರ್. ಈಚಲ ಮರದ ಹೆಂಡ ಬೆಳಗ್ಗೆ ಸಿಹಿ, ಸಂಜೆಗೆ ಹುಳಿ ಅಂತ ಹಿರಿಯರು ಹೇಳ್ತಿದ್ದರಲ್ಲ, ಅಲ್ಲೂ ಇಂಥದ್ದೇ ಸೂಕ್ಷ್ಮಜೀವಿಗಳ ಕೆಲಸ. ಹಾಗಾಗಿ ತೆರೆದ ಪೀಪಾಯಿಯನ್ನ ಸುಮಾರು ಮೂರು ದಿನದೊಳಗೆ ಮುಗಿಸಬೇಕು ಅನ್ನೋದು ಪಬ್ಬುಗಳ ನಿಯಮ.

ಲೆಕ್ಕ ಹಾಕೋಣ. ಸಾಮಾನ್ಯ ಪೀಪಾಯಿಗೆ ‘ಫರ್ಕಿನ್’ ಅಂತಾರೆ. 9 ಗ್ಯಾಲನ್, ಅಂದರೆ 72 ಪೈಂಟ್, ಸುಮಾರು 41 ಲೀಟರ್. ಮೂರು ದಿನಕ್ಕೆ ಮುಗಿಯಬೇಕಾದರೆ ದಿನಕ್ಕೆ 24 ಪೈಂಟ್ ಮಾರಾಟವಾಗಬೇಕು. ಪಬ್ಬಿನಲ್ಲಿ ನಾಲ್ಕು ಬಗೆ ಇಟ್ಟಿದ್ದರೆ ದಿನಕ್ಕೆ ಹತ್ತಿರ ಹತ್ತಿರ 100 ಪೈಂಟ್. ಮಳೆ ಬರ್ತಿರೋ ಮಂಗಳವಾರ, ಹಳ್ಳಿಯ ಪಬ್ಬಿನಲ್ಲಿ, ಅಷ್ಟು ಜನ ಎಲ್ಲಿಂದ ಬರಬೇಕು?

ಜನ ಬರದಿದ್ದರೆ ಪೀಪಾಯಿ ಐದು ದಿನ, ಆರು ದಿನ ನಿಲ್ಲುತ್ತೆ. ಬಿಯರ್ ಹುಳಿಯಾಗುತ್ತೆ. ಅದನ್ನ ಕುಡಿದವರು ಮುಂದಿನ ಸಲ ಬೇರೆ ಏನೋ ಕೇಳುತ್ತಾರೆ. ಮಾರಾಟ ಇನ್ನೂ ಇಳಿಯುತ್ತೆ, ಬಿಯರ್ ಇನ್ನೂ ಹಳಸುತ್ತೆ. ಕೊನೆಗೆ ಪಬ್ಬಿನವರು ಪೀಪಾಯಿಯ ಸಹವಾಸವೇ ಬೇಡ ಅಂತ ಕೈಬಿಡುತ್ತಾರೆ.

ಪರಿಸರ ವಿಜ್ಞಾನದಲ್ಲಿ ಇಂಥ ಸುಳಿಗೆ ಒಂದು ಹೆಸರಿದೆ, ‘ಆಲೀ ಪರಿಣಾಮ’. ಅಮೆರಿಕದ ವಾರ್ಡರ್ ಕ್ಲೈಡ್ ಆಲೀ 1930ರ ದಶಕದಲ್ಲಿ ಗೋಲ್ಡ್‌ಫಿಶ್ ಮೀನುಗಳ ಮೇಲೆ ಪ್ರಯೋಗ ಮಾಡಿದರು. ವಿಷ ಬೆರೆತ ನೀರಿನಲ್ಲಿ ಒಂಟಿ ಮೀನಿಗಿಂತ ಗುಂಪಿನಲ್ಲಿರುವ ಮೀನುಗಳು ಹೆಚ್ಚು ಹೊತ್ತು ಬದುಕಿದವು. ಸಂಖ್ಯೆ ಕಡಿಮೆಯಾದಾಗ ಪೈಪೋಟಿ ತಗ್ಗಿ, ಉಳಿದವರಿಗೆ ಅನುಕೂಲ ಆಗುತ್ತೆ ಅಂತ ನಾವು ಅಂದುಕೊಳ್ತೀವಿ. ಆದರೆ ಕೆಲವು ಜೀವಿಗಳಲ್ಲಿ ಒಂದು ಮಿತಿಗಿಂತ ಕೆಳಗೆ ಹೋದರೆ, ಕಡಿಮೆಯಾಗಿರೋದೇ ಇನ್ನಷ್ಟು ಕಡಿಮೆಯಾಗೋಕೆ ಕಾರಣ. ಹೋಲಿಕೆ ನನ್ನದು, ಆದರೆ ಪೀಪಾಯಿ ಬಿಯರಿನ ಪರಿಸ್ಥಿತಿಯೂ ಹೀಗೇ.

ಗುಂಪಿನ ಕೆಲಸ ಏನು?

1971ರಲ್ಲಿ ಇಂಗ್ಲೆಂಡಿನ ನಾಲ್ವರು ಗೆಳೆಯರು ಐರ್ಲೆಂಡಿಗೆ ರಜೆ ಹೋಗಿದ್ದಾಗ, ಕೆರಿ ಪ್ರಾಂತ್ಯದ ಡನ್‌ಕ್ವಿನ್ ಹಳ್ಳಿಯ ಒಂದು ಪಬ್ಬಿನಲ್ಲಿ ಕೂತು ಒಂದು ಸಂಘ ಕಟ್ಟಿದರು. ದೊಡ್ಡ ಕಂಪನಿಗಳು ಪೀಪಾಯಿ ಬಿಟ್ಟು ಕೆಗ್ ಕಡೆ ತಿರುಗುತ್ತಿದ್ದ ಕಾಲ ಅದು. ಆ ಸಂಘವೇ ಇವತ್ತಿನ ‘ಕ್ಯಾಮ್ರಾ’, ಅಂದರೆ ಕ್ಯಾಂಪೇನ್ ಫಾರ್ ರಿಯಲ್ ಏಲ್. ಈಗ ಅದಕ್ಕೆ ದೇಶದಾದ್ಯಂತ ಸುಮಾರು 200 ಸ್ಥಳೀಯ ಶಾಖೆಗಳು.

ಈ ಶಾಖೆಗಳ ಓಡಾಟ ನೋಡಿದರೆ ಮೋಜಿನ ಹಾಗೆ ಕಾಣುತ್ತೆ. ಮೋಜೂ ಹೌದು ಅನ್ನಿ. ಆದರೆ ಒಂದು ಮಿನಿಬಸ್ಸಿನಲ್ಲಿ ಇಪ್ಪತ್ತು ಜನ ಹಳ್ಳಿಯ ಪಬ್ಬಿಗೆ ಇಳಿದು, ತಲಾ ಒಂದು ಪೈಂಟ್ ತಗೊಂಡರೂ, ಪೀಪಾಯಿಯ ಕಾಲು ಭಾಗಕ್ಕಿಂತ ಹೆಚ್ಚು ಖಾಲಿ. ಆ ವಾರದ ಗಡಿಯಾರ ಹಿಂದಕ್ಕೆ ಹೋದ ಹಾಗೆ. ಜೊತೆಗೆ ಪ್ರತಿಯೊಬ್ಬರೂ ಬಿಯರ್ ಎಷ್ಟು ಚೆನ್ನಾಗಿ ಇಟ್ಟಿದ್ದಾರೆ ಅಂತ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಅಂಕ ಬ್ರೂವರಿಗಲ್ಲ, ನೆಲಮಾಳಿಗೆಯ ನಿರ್ವಹಣೆಗೆ. 1974ರಿಂದ ಬರುತ್ತಿರುವ ‘ಗುಡ್ ಬಿಯರ್ ಗೈಡ್’ ಪುಸ್ತಕಕ್ಕೆ ಪಬ್ಬುಗಳನ್ನ ಆರಿಸುವಾಗ ಈ ಅಂಕಗಳು ಬೇಕಾಗುತ್ತವೆ. ಅದರಲ್ಲಿ ಹೆಸರು ಬಂದರೆ ಹೊಸ ಗಿರಾಕಿಗಳು ಬರುತ್ತಾರೆ. ಸುಳಿ ಈಗ ಮೇಲ್ಮುಖವಾಗಿ ತಿರುಗುತ್ತೆ.

ಇನ್ನು ಹಬ್ಬ. ಕೇಂಬ್ರಿಜ್‌ನ ಬಿಯರ್ ಹಬ್ಬ 1974ರಲ್ಲಿ ಶುರುವಾಯಿತು. ಈಗ ಮೇ ತಿಂಗಳಲ್ಲಿ, ಜೀಸಸ್ ಗ್ರೀನ್ ಅನ್ನೋ ಮೈದಾನದಲ್ಲಿ ನಡೆಯುತ್ತೆ. ಇಡೀ ದೇಶಕ್ಕೆ ಸೇರಿದ ‘ಗ್ರೇಟ್ ಬ್ರಿಟಿಷ್ ಬಿಯರ್ ಫೆಸ್ಟಿವಲ್’ ಮೊದಲು ನಡೆದದ್ದು 1977ರಲ್ಲಿ, ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ. ಕೆಲಸ ಮಾಡೋರು ಸ್ವಯಂಸೇವಕರು. ಬಾಗಿಲು ತೆರೆಯೋಕೆ ಕೆಲವು ದಿನ ಮುಂಚೆಯೇ ಪೀಪಾಯಿಗಳನ್ನ ಕಟಾಂಜನದ ಮೇಲೆ ಸಾಲಾಗಿ ಮಲಗಿಸಿ, ಬೆಣೆ ಬಡಿದು, ತಂಪು ಹೊದಿಕೆ ಹೊದಿಸಿ ಕಾಯುತ್ತಾರೆ. ಯೀಸ್ಟು ಕೂರೋವರೆಗೆ ಯಾರೂ ಅಲುಗಿಸೋ ಹಾಗಿಲ್ಲ. ಆಮೇಲೆ ಜನಸಾಗರ. ಒಂದು ಪಬ್ಬು ಯಾವತ್ತೂ ಇಡಲಾಗದಷ್ಟು ಬಗೆಗಳನ್ನ ಕೆಲವೇ ದಿನದಲ್ಲಿ, ಹುಳಿಯಾಗೋ ಮುಂಚೆ ಖಾಲಿ ಮಾಡೋಕೆ ಬೇಕಾದ ಜನಸಾಂದ್ರತೆ ಇರೋದು ಹಬ್ಬದಲ್ಲಿ ಮಾತ್ರ. ಯಾರಿಗೂ ಗೊತ್ತಿಲ್ಲದ ಸಣ್ಣ ಬ್ರೂವರಿಯ ಪೀಪಾಯಿಗೂ ಅಲ್ಲಿ ಗಿರಾಕಿ ಸಿಗುತ್ತಾರೆ.

ಆರೋಗ್ಯ ಮತ್ತು ಒಂಟಿತನ

ಆಲ್ಕೋಹಾಲ್ ಕ್ಯಾನ್ಸರ್ ತರುತ್ತೆ ಅನ್ನೋದರಲ್ಲಿ ಅನುಮಾನ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನ ಮೊದಲನೇ ಗುಂಪಿಗೆ ಸೇರಿಸಿದೆ. ಬ್ರಿಟನ್ನಿನ 2016ರ ಸಲಹೆ ವಾರಕ್ಕೆ 14 ಯೂನಿಟ್ ದಾಟಬೇಡಿ ಅನ್ನುತ್ತೆ. 4 ಶೇಕಡಾ ಆಲ್ಕೋಹಾಲ್ ಇರೋ ಒಂದು ಪೈಂಟ್, ಅಂದರೆ 568 ಮಿಲಿಲೀಟರ್, ಸುಮಾರು 2.3 ಯೂನಿಟ್. ಆರು ಪೈಂಟಿಗೆ ವಾರದ ಮಿತಿ ಮುಗಿಯಿತು. ಹಬ್ಬದ ಗಾಜಿನ ಲೋಟದ ಮೇಲೆ ಮೂರನೇ ಒಂದು ಪೈಂಟಿನ ಗೆರೆ ಇರುತ್ತೆ, ಸುಮಾರು 190 ಮಿಲಿಲೀಟರ್. ಅನುಭವಿಗಳು ಕೇಳೋದು ಅದನ್ನೇ.

ಹಾಗಾದರೆ ಜನರಿಗೆ ಸಿಗೋದೇನು? 2016ರಲ್ಲಿ ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ ಒಂದು ವರದಿ ತಂದರು. ತಮ್ಮದೇ ಅಂತ ಒಂದು ಪಬ್ಬು ಇರೋರಿಗೆ ಆಪ್ತ ಗೆಳೆಯರು ಹೆಚ್ಚು, ಬದುಕಿನಲ್ಲಿ ತೃಪ್ತಿಯೂ ಹೆಚ್ಚು ಅಂತ ಅದರಲ್ಲಿ ಕಂಡುಬಂತು. ಇದನ್ನ ಕೇಳುವಾಗ ಎರಡು ವಿಷಯ ನೆನಪಿರಲಿ. ಅಧ್ಯಯನ ಮಾಡಿಸಿದ್ದು ಕ್ಯಾಮ್ರಾ. ಮತ್ತು ಪಬ್ಬಿನಿಂದ ಗೆಳೆಯರು ಸಿಕ್ಕರೋ, ಗೆಳೆಯರಿರೋರು ಪಬ್ಬಿಗೆ ಹೋಗುತ್ತಾರೋ, ಇಂಥ ಸಮೀಕ್ಷೆಯಿಂದ ತೀರ್ಮಾನಿಸೋದು ಕಷ್ಟ. ಆದರೂ ಹೊರದೇಶದಲ್ಲಿ ಕನ್ನಡ ಸಂಘದ ಒಂದು ಯುಗಾದಿ ಊಟಕ್ಕೆ ಎರಡು ಗಂಟೆ ಕಾರು ಓಡಿಸಿಕೊಂಡು ಹೋಗೋ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ನಮ್ಮ ಗುಂಪಿನ ಸುತ್ತಾಟಕ್ಕೆ ಬರೀ ಶುಂಠಿ ಪಾನೀಯ ಕುಡಿಯೋರೂ ಬರುತ್ತಾರೆ, ಹೆಂಡತಿ ತೀರಿಹೋದ ಮೇಲೆ ವಾರಕ್ಕೊಮ್ಮೆ ಮಾತಾಡೋಕೆ ಅಂತಲೇ ಬರೋ ಅಜ್ಜನೂ ಇದ್ದಾರೆ.

ಪಾಶ್ಚರೀಕರಿಸಿದ ಬಾಟಲಿ ನಿಮ್ಮನ್ನ ಕಾಯುತ್ತೆ. ಒಬ್ಬರೇ ಇದ್ದರೂ, ಒಂದು ತಿಂಗಳು ಬಿಟ್ಟು ಬಂದರೂ ಅದಕ್ಕೇನೂ ಆಗಲ್ಲ. ಜೀವಂತ ಪೀಪಾಯಿ ಕಾಯಲ್ಲ. ಅದನ್ನ ಒಬ್ಬರೇ ಮುಗಿಸೋಕೂ ಆಗಲ್ಲ, ಮುಗಿಸಲೂಬಾರದು! ಎಪ್ಪತ್ತು ಜನ ಮೂರು ದಿನದಲ್ಲಿ ಬಂದು ಹೋಗೋ ಒಂದು ಊರು ಅದಕ್ಕೆ ಬೇಕು.

ನಿಮ್ಮೂರಿನಲ್ಲೂ ಹೀಗೆ ಜನ ಸೇರಿದರೆ ಮಾತ್ರ ಉಳಿಯೋ ತಿನಿಸು, ಪಾನೀಯ ಇದ್ದರೆ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಇಡ್ಲಿ ಹಿಟ್ಟು ಚಳಿ ದೇಶದಲ್ಲಿ ಯಾಕೆ ಉಬ್ಬೋದಿಲ್ಲ ಅಂತ ನೋಡೋಣ. ಅಲ್ಲಿಯವರೆಗೆ, ನಮಸ್ಕಾರ.