ಬಾಕಿ ಕಟ್ಟಿ ಎನ್ನುವವನ ಹೆಸರು: ಜರ್ಮನಿಯ ಶುಲ್ಟ್ಸ್

ವಾಣಿಜ್ಯ ವಿಭಾಗದ ನಮಗೆ ಸಹಕಾರ ಸಂಘಗಳ ವಿಷಯ ಬಂದಾಗ ಎರಡು ಜರ್ಮನ್ ಹೆಸರುಗಳು ಕಿವಿಗೆ ಬೀಳುತ್ತವೆ. ಒಂದು ರೈಫೈಸನ್, ಇನ್ನೊಂದು ಶುಲ್ಟ್ಸೆ-ಡೆಲಿಟ್ಷ್. ಎರಡನೆಯದನ್ನು ಒಂದೇ ಉಸಿರಿಗೆ ಸರಿಯಾಗಿ ಹೇಳಿದವರು ನಮ್ಮ ತರಗತಿಯಲ್ಲಿ ಇನ್ನೂ ಯಾರೂ ಇಲ್ಲ. ನನಗೆ ಉಚ್ಚಾರಣೆಗಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ನಡುವಿನ ಆ ಅಡ್ಡಗೆರೆ. ಡೆಲಿಟ್ಷ್ ಎಂಬುದು ಒಂದು ಊರು. ಮನುಷ್ಯನ ಹೆಸರಿಗೆ ಊರನ್ನು ಏಕೆ ಅಂಟಿಸಿದರು? ಆ ದೇಶದಲ್ಲಿ ಶುಲ್ಟ್ಸೆಗಳು ತೀರಾ ಹೆಚ್ಚಾಗಿದ್ದರು, ಊರು ಸೇರಿಸದೆ ಇದ್ದರೆ ಇವರು ಯಾವ ಶುಲ್ಟ್ಸೆ ಎಂದು ತಿಳಿಯುತ್ತಿರಲಿಲ್ಲ, ಅಷ್ಟೇ. ಆದರೆ ಅವರು ಏಕೆ ಅಷ್ಟು ಹೆಚ್ಚಾದರು ಎಂದು ಹುಡುಕಲು ಹೋದರೆ ಸುಮಾರು ಎಂಟುನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲು ಇಂದಿನ ಲೆಕ್ಕ ನೋಡೋಣ. ಜರ್ಮನಿಯಲ್ಲಿ ಅತಿ ಹೆಚ್ಚು ಜನರಿಗಿರುವ ಕುಲನಾಮ ಮ್ಯುಲ್ಲರ್. ಹೆಚ್ಚುಕಡಿಮೆ ನೂರಕ್ಕೆ ಒಬ್ಬರು. ಅದರ ನಂತರ ಶ್ಮಿಟ್, ಶ್ನೈಡರ್, ಫಿಶರ್ ಹೀಗೆ ಸಾಲು ಮುಂದುವರಿಯುತ್ತದೆ. ಶುಲ್ಟ್ಸ್ ಮೊದಲ ಹತ್ತರೊಳಗೆ ಬರುತ್ತದೆ. ಸಾವಿರ ಜನರಲ್ಲಿ ಎರಡು ಮೂರು ಮಂದಿ, ಅಂದರೆ ಎರಡು ಲಕ್ಷದ ಆಸುಪಾಸು. ಇದು ‘ಶುಲ್ಟ್ಸ್’ ಎಂಬ ಒಂದೇ ಬರವಣಿಗೆಯ ಲೆಕ್ಕ. ಶುಲ್ಟ್ಸೆ, ಶುಲ್ಟೆ, ಶೋಲ್ಟ್ಸ್, ಶುಲ್ಟ್‌ಹೈಸ್ ಎಂದು ಬರೆದುಕೊಳ್ಳುವವರೆಲ್ಲ ಬೇರೆ. ಮೂಲದಲ್ಲಿ ಇವೆಲ್ಲ ಒಂದೇ ಪದ.

ಆ ಪದ ಹಳೆಯ ಜರ್ಮನ್‌ನ ‘ಸ್ಕುಲ್ಡ್‌ಹೈಟ್ಸೊ’. ಇದನ್ನು ಎರಡು ತುಂಡು ಮಾಡಬಹುದು. ‘ಸ್ಕುಲ್ಡ್’ ಎಂದರೆ ಸಾಲ, ಬಾಕಿ, ಸಲ್ಲಿಸಲೇಬೇಕಾದದ್ದು. ‘ಹೈಟ್ಸನ್’ ಎಂದರೆ ಆಜ್ಞೆ ಮಾಡು. ಒಟ್ಟಿನಲ್ಲಿ ‘ನಿನ್ನ ಬಾಕಿ ಕಟ್ಟು’ ಎಂದು ಅಪ್ಪಣೆ ಕೊಡುವವನು. ಇಂದಿನ ಜರ್ಮನ್‌ನಲ್ಲಿಯೂ ‘ಶುಲ್ಡ್’ ಪದ ಇದೆ. ಸಾಲಕ್ಕೂ ಅದೇ, ತಪ್ಪಿಗೂ ಅದೇ. ಸಾಲಗಾರನಿಗೆ ‘ಶುಲ್ಡ್ನರ್’ ಎನ್ನುತ್ತಾರೆ. ಸಾಲ ಕೊಟ್ಟವನನ್ನು ಏನೆನ್ನುತ್ತಾರೆ ಗೊತ್ತೇ? ‘ಗ್ಲಾಯ್ಬಿಗರ್’, ನಂಬಿದವನು! ನಾವು ಲೆಜರಿನಲ್ಲಿ ದಿನಾ ಬರೆಯುವ ‘ಕ್ರೆಡಿಟ್’ ಪದವೂ ಲ್ಯಾಟಿನ್‌ನಲ್ಲಿ ನಂಬು ಎಂಬುದರಿಂದಲೇ ಬಂದದ್ದು. ಭರೋಸಾ ಇಟ್ಟವನು ಒಂದು ಕಡೆ, ತಪ್ಪಿನ ಭಾರ ಹೊತ್ತವನು ಇನ್ನೊಂದು ಕಡೆ. ಜರ್ಮನ್ ಭಾಷೆ ಸಾಲಗಾರನ ಮೇಲೆ ಸ್ವಲ್ಪ ಕಠಿಣವಾಗಿದೆ ಎಂದು ನನಗೆ ಅನ್ನಿಸಿತು.

ಈ ‘ಬಾಕಿ ಕಟ್ಟು ಎನ್ನುವವನು’ ಮಧ್ಯಯುಗದ ಜರ್ಮನಿಯಲ್ಲಿ ಒಬ್ಬ ಅಧಿಕಾರಿ. ಜಮೀನಿನ ಒಡೆಯನ ಪರವಾಗಿ ಕಂದಾಯ ವಸೂಲಿ ಮಾಡುತ್ತಿದ್ದ, ಊರಿನ ಸಣ್ಣಪುಟ್ಟ ವ್ಯಾಜ್ಯಗಳನ್ನು ತೀರ್ಮಾನಿಸುತ್ತಿದ್ದ. ನಮ್ಮ ಕಡೆಯ ಪಟೇಲ ಅಥವಾ ಗೌಡನನ್ನು ನೆನಪಿಸಿಕೊಂಡರೆ ಸಾಕು. 12 ಮತ್ತು 13ನೇ ಶತಮಾನದಲ್ಲಿ ಎಲ್ಬೆ ನದಿಯ ಪೂರ್ವಕ್ಕೆ ಜರ್ಮನ್ನರು ಹೊಸ ಊರುಗಳನ್ನು ಕಟ್ಟಲು ಹೊರಟಾಗ ಇವನ ಮಹತ್ವ ಬಹಳ ಹೆಚ್ಚಿತು. ಕಾಡು ಕಡಿದು, ಜೌಗು ಒಣಗಿಸಿ ಊರು ಮಾಡಬೇಕು. ಅದಕ್ಕೆ ಜನ ಬೇಕು. ರಾಜನೋ ಬಿಷಪ್ಪನೋ ತಾನೇ ಹೋಗಿ ಜನ ಕರೆತರುವುದಿಲ್ಲ. ಅದಕ್ಕೊಬ್ಬ ಗುತ್ತಿಗೆದಾರನನ್ನು ಹಿಡಿಯುತ್ತಿದ್ದರು. ಅವನು ದೂರದೂರಿನಿಂದ ರೈತರನ್ನು ಕರೆತಂದು, ಜಮೀನು ಅಳೆದು ಹಂಚಿ, ಊರು ನಿಲ್ಲಿಸಿಕೊಡುತ್ತಿದ್ದ. ಕೂಲಿಯಾಗಿ ಅವನಿಗೆ ಸಾಮಾನ್ಯವಾಗಿ ಕಂದಾಯವಿಲ್ಲದ ಭೂಮಿ, ನ್ಯಾಯಾಲಯದ ದಂಡದ ಹಣದಲ್ಲಿ ಮೂರನೇ ಒಂದು ಪಾಲು, ಮತ್ತು ವಂಶಪಾರಂಪರ್ಯವಾಗಿ ಶುಲ್ಟ್ಸೆ ಹುದ್ದೆ ಸಿಗುತ್ತಿತ್ತು. ಮಾಗ್ಡೆಬುರ್ಗ್‌ನ ಆರ್ಚ್‌ಬಿಷಪ್ ವಿಖ್‌ಮನ್ 1159ರಲ್ಲಿ ವುಸ್ಟರ್‌ವಿಟ್ಸ್ ಎಂಬ ಊರನ್ನು ಫ್ಲಾಂಡರ್ಸ್‌ನಿಂದ ಬಂದ ಜನರಿಗೆ ಕೊಟ್ಟದ್ದು ಇಂಥದೇ ವ್ಯವಸ್ಥೆಯಲ್ಲಿ. ಬಂಡವಾಳ, ಅಪಾಯ, ಕಮಿಷನ್, ಎಲ್ಲವೂ ಇದರಲ್ಲಿವೆ. ಉದ್ಯಮಶೀಲತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಹಳೆಯ ಉದಾಹರಣೆ ಬೇಕೇ?

ಈಗ ಒಂದು ಪ್ರಶ್ನೆ. ಊರಿಗೆ ಶುಲ್ಟ್ಸೆ ಒಬ್ಬನೇ. ರೈತರು ಮಾತ್ರ ಇಪ್ಪತ್ತು, ಮೂವತ್ತು ಮನೆ. ಹಾಗಿದ್ದರೆ ದೇಶದಲ್ಲಿ ಅತಿ ಹೆಚ್ಚು ಇರಬೇಕಾದ ಹೆಸರು ‘ರೈತ’ ಎಂಬರ್ಥದ ಬೌಅರ್ ತಾನೆ? ಆ ಹೆಸರೂ ಇದೆ, ಕಡಿಮೆಯೇನಲ್ಲ, ಆದರೆ ಮೊದಲ ಸ್ಥಾನ ಅದರದಲ್ಲ. ಮೊದಲ ಸ್ಥಾನ ಮ್ಯುಲ್ಲರ್‌ನದು, ಅಂದರೆ ಹಿಟ್ಟಿನ ಗಿರಣಿಯವನದು. ಎರಡನೆಯದು ಶ್ಮಿಟ್, ಕಮ್ಮಾರನದು. ಇವರೂ ಊರಿಗೆ ಒಬ್ಬೊಬ್ಬರೇ.

ನಮ್ಮ ಮೊಹಲ್ಲಾಗಳಲ್ಲಿ ಜನರನ್ನು ಗುರುತಿಸುವ ಬಗೆ ನೋಡಿದರೆ ಇದರ ಗುಟ್ಟು ತಿಳಿಯುತ್ತದೆ. ನಮ್ಮ ಬೀದಿಯಲ್ಲಿ ಮೊಹಮ್ಮದ್ ಎಂದು ಕೂಗಿದರೆ ಐದು ಬಾಗಿಲು ತೆರೆಯುತ್ತವೆ. ಅದಕ್ಕೇ ನಮ್ಮ ದಾದಿ ಯಾರನ್ನೂ ಬರೀ ಹೆಸರಿನಿಂದ ಹೇಳುವುದಿಲ್ಲ. ‘ಚಕ್ಕಿವಾಲೆ’ ಎಂದರೆ ಹಿಟ್ಟಿನ ಗಿರಣಿಯವರು, ‘ಲಕ್ಡಿವಾಲೆ’ ಎಂದರೆ ಸೌದೆ ಡಿಪೋದವರು. ಚಕ್ಕಿ ಮೊಹಲ್ಲಾಕ್ಕೆ ಒಂದೇ ಇರುವುದರಿಂದ ಗೊಂದಲವಿಲ್ಲ. ಬೀದಿಯಲ್ಲಿ ಎಲ್ಲರೂ ಮಾಡುವ ಕೆಲಸದ ಹೆಸರಿನಿಂದ ಯಾರನ್ನಾದರೂ ಕರೆದರೆ ಏನು ಪ್ರಯೋಜನ? ಮಧ್ಯಯುಗದ ಜರ್ಮನ್ ಊರುಗಳಲ್ಲಿಯೂ ಇದೇ ಕಥೆ. ಯೊಹಾನ್ನೆಸ್, ಹೈನ್ರಿಖ್, ಕೊನ್ರಾಡ್ ಇಂಥ ಕೆಲವೇ ಹೆಸರುಗಳು ಮನೆಮನೆಯಲ್ಲಿ. ಎಲ್ಲರೂ ರೈತರಾಗಿರುವ ಊರಿನಲ್ಲಿ ‘ರೈತ ಹೈನ್ರಿಖ್’ ಎಂದರೆ ಯಾರು? ಆದರೆ ‘ಶುಲ್ಟ್ಸೆ ಹೈನ್ರಿಖ್’ ಎಂದರೆ ಒಬ್ಬನೇ. ಊರಿನಲ್ಲಿ ಒಬ್ಬನೇ ಇದ್ದುದರಿಂದ ಆ ಗುರುತು ಹೆಸರಾಗಿ ನಿಂತಿತು. ಇಂಥ ಊರುಗಳು ಸಾವಿರಾರು. ಒಂದೊಂದು ಊರಿನಿಂದ ಒಂದೊಂದು ಮನೆತನ ಎಂದರೂ, ಕೂಡಿಸಿದಾಗ ದೇಶವೆಲ್ಲ ಶುಲ್ಟ್ಸೆಗಳೇ. ಒಂದೇ ಹೆಸರಿನ ಇವರೆಲ್ಲ ಒಂದೇ ವಂಶದವರಲ್ಲ ಎಂಬುದೂ ಇದರಿಂದಲೇ ಸ್ಪಷ್ಟ.

ಮೊದಲು ಇದು ಹುದ್ದೆಯ ಹೆಸರು. ಅಪ್ಪ ಶುಲ್ಟ್ಸೆ, ಮಗ ‘ಶುಲ್ಟ್ಸೆಯ ಮಗ’. ಆಮೇಲೆ ಮೊಮ್ಮಗನಿಗೆ ಹುದ್ದೆ ಇಲ್ಲದಿದ್ದರೂ ಹೆಸರು ಉಳಿಯಿತು. ತೆರಿಗೆ ಪಟ್ಟಿ, ಕ್ರಯಪತ್ರ, ಚರ್ಚಿನ ದಾಖಲೆ ಬರೆಯುವವರಿಗೆ ಇಂಥ ಎರಡನೇ ಹೆಸರು ಬೇಕಾಗಿತ್ತು. ಆದರೂ ಜರ್ಮನಿಯಲ್ಲೆಲ್ಲ ಒಮ್ಮೆಲೇ ಕುಲನಾಮ ಬಂದುಬಿಡಲಿಲ್ಲ. ಉತ್ತರದ ಫ್ರೀಸ್‌ಲ್ಯಾಂಡ್ ಭಾಗದಲ್ಲಿ ತಂದೆಯ ಹೆಸರನ್ನೇ ಹಿಂದೆ ಸೇರಿಸಿಕೊಳ್ಳುವ ಪದ್ಧತಿ ಬಹಳ ಕಾಲ ಇತ್ತು. ಅಲ್ಲಿ ಸ್ಥಿರವಾದ ಕುಲನಾಮ ಇಟ್ಟುಕೊಳ್ಳಲೇಬೇಕೆಂಬ ಆಜ್ಞೆ ಬಂದದ್ದು ನೆಪೋಲಿಯನ್ ಆಳ್ವಿಕೆಯಲ್ಲಿ, 1811ರಲ್ಲಿ. ಪ್ರಷ್ಯಾದ ಯಹೂದಿಗಳಿಗೆ 1812ರಲ್ಲಿ. ಅರ್ಜಿಯ ಸರ್‌ನೇಮ್ ಕಾಲಂ ಮುಂದೆ ಪೆನ್ನು ಹಿಡಿದು ಕೂರುವ ನಮ್ಮಂಥವರು ಇದನ್ನು ಗಮನಿಸಬೇಕು. ನಮ್ಮಲ್ಲಿ ಎಷ್ಟೋ ಜನರಿಗೆ ಕುಲನಾಮವೇ ಇಲ್ಲ. ಒಂದು ಅರ್ಜಿಯಲ್ಲಿ ಅಬ್ಬಾನ ಹೆಸರು, ಇನ್ನೊಂದರಲ್ಲಿ ಇನಿಶಿಯಲ್, ಮತ್ತೊಂದರಲ್ಲಿ ಖಾಲಿ ಎಂದು ತುಂಬುತ್ತೇವೆ. ಆಮೇಲೆ ಅಂಕಪಟ್ಟಿಗೂ ಆಧಾರ್‌ಗೂ ಹೊಂದಿಕೆಯಾಗದೆ ವಿದ್ಯಾರ್ಥಿವೇತನದ ಸಮಯದಲ್ಲಿ ಓಡಾಡುತ್ತೇವೆ. ಆ ಕಾಲಂ ಎಲ್ಲ ದೇಶಗಳಲ್ಲಿ, ಎಲ್ಲ ಕಾಲದಲ್ಲಿ ಇದ್ದದ್ದಲ್ಲ. ಜರ್ಮನಿಯಂಥ ಕಡೆಯೂ ಅದನ್ನು ಸರ್ಕಾರ ಮತ್ತು ಗುಮಾಸ್ತರು ಸೇರಿ ತುಂಬಿಸಿದ್ದು.

ಹೆಸರಿನ ರೂಪಗಳ ಕಡೆಗೆ ಬರೋಣ. ಉಚ್ಚಾರಣೆ ಊರೂರಿಗೆ ಬದಲಾಗುವುದರಿಂದ ಹೆಸರು ಕೇಳಿದರೆ ಮೂಲ ಸೀಮೆ ಊಹಿಸಬಹುದು. ಶುಲ್ಟ್ಸ್ ಮತ್ತು ಶುಲ್ಟ್ಸೆ ಪೂರ್ವ ಮತ್ತು ಈಶಾನ್ಯ ಜರ್ಮನಿಯಲ್ಲಿ, ಅಂದರೆ ಬ್ರಾಂಡೆನ್‌ಬುರ್ಗ್, ಬರ್ಲಿನ್, ಸಾಕ್ಸನಿ-ಆನ್‌ಹಾಲ್ಟ್ ಕಡೆ ದಟ್ಟ. ಶುಲ್ಟೆ ಪಶ್ಚಿಮದ ವೆಸ್ಟ್‌ಫಾಲಿಯಾದ್ದು. ಅಲ್ಲಿ ಇನ್ನೊಂದು ವಿಚಿತ್ರ: ಹೆಸರು ಮನುಷ್ಯನಿಗಿಂತ ಜಮೀನಿಗೆ ಅಂಟಿಕೊಂಡಿತ್ತು. ಶುಲ್ಟೆಯ ಹೊಲಮನೆಗೆ ಅಳಿಯನಾಗಿ ಬಂದವನು ತನ್ನ ಹೆಸರು ಬಿಟ್ಟು ಆ ಹೊಲಮನೆಯ ಹೆಸರು ಹಿಡಿಯುತ್ತಿದ್ದ. ಶೋಲ್ಟ್ಸ್ ಸೈಲೇಸಿಯಾದ ರೂಪ. ಆ ಪ್ರದೇಶ ಈಗ ಬಹುಪಾಲು ಪೋಲೆಂಡಿನಲ್ಲಿದೆ. 1945ರ ನಂತರ ಅಲ್ಲಿನ ಜರ್ಮನ್ನರು ಹೊರಬರಬೇಕಾದಾಗ ಹೆಸರೂ ಅವರೊಂದಿಗೆ ಜರ್ಮನಿಯೆಲ್ಲ ಹರಡಿತು. 2017ರಲ್ಲಿ ಜರ್ಮನಿಯ ಎಸ್‌ಪಿಡಿ ಪಕ್ಷದ ಚಾನ್ಸಲರ್ ಅಭ್ಯರ್ಥಿ ಮಾರ್ಟಿನ್ ಶುಲ್ಟ್ಸ್. ಮುಂದಿನ ಚುನಾವಣೆಯಲ್ಲಿ, 2021ರಲ್ಲಿ, ಅದೇ ಪಕ್ಷದಿಂದ ನಿಂತು ಚಾನ್ಸಲರ್ ಆದವರು ಓಲಾಫ್ ಶೋಲ್ಟ್ಸ್. ಪತ್ರಿಕೆಗಳಲ್ಲಿ ಎರಡು ಹೆಸರು ಕಂಡರೂ ಪದ ಒಂದೇ!

ಕೆಲವರು ತಮ್ಮ ಹೆಸರನ್ನು ಲ್ಯಾಟಿನ್‌ಗೆ ತಿರುಗಿಸಿಕೊಂಡರು. ಓದಿದವರಿಗೆ ಆಗ ಅದು ಫ್ಯಾಶನ್. 1571ರಲ್ಲಿ ಹುಟ್ಟಿದ ಸಂಗೀತಗಾರ ಮಿಖಾಯೆಲ್ ಪ್ರೆಟೋರಿಯಸ್ ಮನೆತನದ ಹೆಸರು ಶುಲ್ಟ್ಸೆಯೇ. ಪೋಲಿಷ್ ಜನರು ಈ ಪದವನ್ನು ‘ಸೊಲ್ಟಿಸ್’ ಎಂದು ತಮ್ಮದಾಗಿಸಿಕೊಂಡರು. ಅವರ ಹಳ್ಳಿಯ ಮುಖ್ಯಸ್ಥನಿಗೆ ಇವತ್ತಿಗೂ ಅದೇ ಹೆಸರು. ಸ್ವಿಟ್ಸರ್ಲೆಂಡಿನ ಲೂಸರ್ನ್ ಪ್ರಾಂತ್ಯದಲ್ಲಿ ಸರ್ಕಾರದ ಅಧ್ಯಕ್ಷರನ್ನು ಹಿಂದೆ ಶುಲ್ಟ್‌ಹೈಸ್ ಎನ್ನುತ್ತಿದ್ದರು. ಜರ್ಮನಿಯಲ್ಲಿ ಮಾತ್ರ ಹುದ್ದೆ ಹೋಗಿ ಹೆಸರು ಉಳಿಯಿತು.

ಇಷ್ಟು ಜನ, ಇಂಥ ಕಡೆ ಎಂದು ಲೆಕ್ಕ ಹಾಕಿದ್ದು ಹೇಗೆ? ಇದು ನಮ್ಮ ಸಂಖ್ಯಾಶಾಸ್ತ್ರದ ಪಾಠಕ್ಕೆ ಸೇರಿದ ಸಂಗತಿ. ಜರ್ಮನ್ ಕುಲನಾಮಗಳ ದೊಡ್ಡ ನಕಾಶೆ ಪುಸ್ತಕ ಮಾಡಿದ ಕೊನ್ರಾಡ್ ಕುಂಟ್ಸೆ ಮತ್ತು ಡಾಮಾರಿಸ್ ನ್ಯುಬ್ಲಿಂಗ್ ಅವರ ತಂಡ ಬಳಸಿದ್ದು ಟೆಲಿಫೋನ್ ಡೈರೆಕ್ಟರಿಯನ್ನು, 2005ರ ಸ್ಥಿರ ದೂರವಾಣಿಗಳ ಪಟ್ಟಿಯನ್ನು. ಒಳ್ಳೆಯ ಉಪಾಯ, ಆದರೆ ಫೋನ್ ಮನೆಗೊಂದೇ. ಮನೆಯಲ್ಲಿ ಮೂವರಿರಬಹುದು, ಐವರಿರಬಹುದು. ಅದಕ್ಕೇ ಫೋನ್ ಸಂಖ್ಯೆಯನ್ನು ಗುಣಿಸಿ ಜನಸಂಖ್ಯೆ ಅಂದಾಜು ಮಾಡಬೇಕು. ಹೆಸರು ಪ್ರಕಟಿಸಬೇಡಿ ಎಂದವರು, ಮೊಬೈಲ್ ಮಾತ್ರ ಇರುವವರು ಬಿಟ್ಟುಹೋಗುತ್ತಾರೆ. ಬರವಣಿಗೆಯ ರೂಪಗಳನ್ನು ಬೇರೆಬೇರೆ ಎಣಿಸಬೇಕೇ, ಒಟ್ಟುಗೂಡಿಸಬೇಕೇ ಎಂಬುದರ ಮೇಲೂ ಸ್ಥಾನ ಬದಲಾಗುತ್ತದೆ. ಶ್ಮಿಟ್ ಹೆಸರಿನ ಶ್ಮಿಟ್ಸ್, ಶ್ಮಿಡ್ ಮುಂತಾದ ರೂಪಗಳನ್ನೆಲ್ಲ ಕೂಡಿಸಿದರೆ ಮ್ಯುಲ್ಲರ್‌ನ ಮುನ್ನಡೆ ಅಷ್ಟು ಸುಭದ್ರವಲ್ಲ. ‘ಮೊದಲ ಹತ್ತು’ ಪಟ್ಟಿ ನೋಡಿದಾಗಲೆಲ್ಲ ಎಣಿಸಿದವರು ಯಾವುದನ್ನು ಒಂದು ಎಂದು ಹಿಡಿದರು ಎಂದು ಕೇಳುವುದು ಒಳ್ಳೆಯದು.

ಇನ್ನು ಅಡ್ಡಗೆರೆಯ ಶುಲ್ಟ್ಸೆ. ಹೆರ್ಮನ್ ಶುಲ್ಟ್ಸೆ 1808ರಲ್ಲಿ ಡೆಲಿಟ್ಷ್‌ನಲ್ಲಿ ಹುಟ್ಟಿದರು, ಕಾನೂನು ಓದಿ ಅಲ್ಲಿಯೇ ನ್ಯಾಯಾಧೀಶರಾದರು. 1848ರಲ್ಲಿ ಬರ್ಲಿನ್‌ನ ಪ್ರಷ್ಯಾ ರಾಷ್ಟ್ರೀಯ ಸಭೆಗೆ ಆರಿಸಿ ಹೋದಾಗ ಅಲ್ಲಿ ಇನ್ನೂ ಹಲವು ಶುಲ್ಟ್ಸೆಗಳು ಕೂತಿದ್ದರು. ಊರಿನಲ್ಲಿ ಗುರುತಾಗಿದ್ದ ಹೆಸರು ರಾಜಧಾನಿಯಲ್ಲಿ ಕೆಲಸಕ್ಕೆ ಬಾರದಾಯಿತು. ಹೀಗೆ ಊರಿನ ಹೆಸರು ಅಂಟಿಕೊಂಡಿತು.

1849ರಲ್ಲಿ ಅವರು ತಮ್ಮ ಊರಿನ ಬಡಗಿಗಳಿಗೂ ಚಮ್ಮಾರರಿಗೂ ಕಚ್ಚಾ ಸಾಮಗ್ರಿಯನ್ನು ಒಟ್ಟಾಗಿ ಸಗಟಿನಲ್ಲಿ ಕೊಳ್ಳುವ ಸಂಘಗಳನ್ನು ಕಟ್ಟಿದರು. 1850ರಲ್ಲಿ ಸಾಲ ಕೊಡುವ ಸಂಘ. ಕಾರ್ಖಾನೆಗಳ ಪೈಪೋಟಿಯಲ್ಲಿ ನಲುಗುತ್ತಿದ್ದ ಈ ಕುಶಲಕರ್ಮಿಗಳಿಗೆ ದೊಡ್ಡ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ, ಕೊಡುವವರು ಹಿಂಡುತ್ತಿದ್ದರು. ಸದಸ್ಯರು ಕಂತುಗಳಲ್ಲಿ ಷೇರು ಹಣ ಕಟ್ಟಬೇಕು. ಸಂಘ ಹೊರಗಿನಿಂದ ತಂದ ಹಣಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಪೂರ್ತಿ ಆಸ್ತಿಯಿಂದ ಹೊಣೆ. ನಾವು ಪರೀಕ್ಷೆಗೆ ಬಾಯಿಪಾಠ ಮಾಡುವ ‘ಅಪರಿಮಿತ ಹೊಣೆಗಾರಿಕೆ’ ಎಂದರೆ ಇದೇ. ಕೇಳಲು ಭಯಂಕರ. ಆದರೆ ಅದರಿಂದಲೇ ಪಕ್ಕದ ಅಂಗಡಿಯವನು ಸಾಲದ ಹಣ ಎಲ್ಲಿ ಹಾಕುತ್ತಿದ್ದಾನೆ ಎಂದು ಎಲ್ಲರೂ ಕಣ್ಣಿಡುತ್ತಿದ್ದರು, ಹೊರಗಿನವರು ನಂಬಿ ಹಣ ಕೊಡುತ್ತಿದ್ದರು. ಸರ್ಕಾರದ ಸಹಾಯಧನ ಬೇಡವೆಂದು ಅವರು ಹಟ ಹಿಡಿದಿದ್ದರು. ಇಂದಿನ ಜರ್ಮನಿಯ ‘ಫೋಕ್ಸ್‌ಬ್ಯಾಂಕ್’ಗಳು, ಅಂದರೆ ಜನರ ಬ್ಯಾಂಕುಗಳು, ಈ ಸಂಘಗಳಿಂದ ಬೆಳೆದವು. ಸಾಲ ವಸೂಲಿಗಾರ ಎಂಬರ್ಥದ ಹೆಸರಿನವರು ಸಾಲಕ್ಕೆ ದಾರಿ ಮಾಡಿಕೊಟ್ಟರು.

ಅವರು ತೀರಿಕೊಂಡದ್ದು 1883ರಲ್ಲಿ. ಆಮೇಲೆ ಮದ್ರಾಸ್ ಪ್ರಾಂತ್ಯದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯುರೋಪಿನ ಈ ಸಂಘಗಳನ್ನೆಲ್ಲ ಅಧ್ಯಯನ ಮಾಡಿ 1895 ಮತ್ತು 1897ರಲ್ಲಿ ವರದಿ ಕೊಟ್ಟರು. 1904ರಲ್ಲಿ ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ಕರ್ನಾಟಕದ ಸಹಕಾರ ಚಳವಳಿಯ ಪಿತಾಮಹ ಎಂದು ನಾವು ನೆನೆಯುವ ಅದರ ಸ್ಥಾಪಕರ ಹೆಸರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲ. ಪಾಟೀಲ ಎಂದರೆ ಊರಿನ ಮುಖ್ಯಸ್ಥ, ಕಂದಾಯ ವಸೂಲಿಯ ಹೊಣೆ ಹೊತ್ತವನು. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆಯಿಂದ ಆ ವಂಶಪಾರಂಪರ್ಯ ಹುದ್ದೆ ನಮ್ಮಲ್ಲಿಯೂ ಹೋಯಿತು. ಹೆಸರು ಉಳಿದಿದೆ. ಉತ್ತರ ಕರ್ನಾಟಕದಲ್ಲಿ ಹಿಂದೂಗಳಲ್ಲೂ ಪಾಟೀಲರಿದ್ದಾರೆ, ಮುಸ್ಲಿಮರಲ್ಲೂ ಇದ್ದಾರೆ. ಜರ್ಮನ್‌ಗೆ ಅನುವಾದಿಸಿದರೆ ಅವರೆಲ್ಲರೂ ಶುಲ್ಟ್ಸೆಗಳೇ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ