ಕಾರಿನ ಎಣ್ಣೆ ಪಂಪು

ಶಿವಾಜಿನಗರದ ಗುಜರಿ ಅಂಗಡಿಗಳ ಮುಂದೆ ಹಾದುಹೋದವರಿಗೆ ಅಲ್ಲಿ ರಾಶಿ ಬಿದ್ದಿರುವ ಯಂತ್ರಭಾಗಗಳ ನೋಟ ಹೊಸದಲ್ಲ. ಅಂಥ ರಾಶಿಯೊಂದರಿಂದ, ಅಂಗೈಯಲ್ಲಿ ಹಿಡಿಯಬಹುದಾದ ಕಬ್ಬಿಣದ ಡಬ್ಬಿಯೊಂದನ್ನು ನಾವು ಈಚೆಗೆ ಕೊಂಡುತಂದೆವು. ಮುಚ್ಚಳವನ್ನು ಬಿಚ್ಚಿದರೆ ಒಳಗೆ ಒಂದಕ್ಕೊಂದು ಹಲ್ಲು ಕಚ್ಚಿಕೊಂಡ ಎರಡು ಚಕ್ರಗಳು, ಬೇರೇನೂ ಇಲ್ಲ. ಕಾರಿನ ಎಂಜಿನ್ನಿಗೆ ಕೀಲೆಣ್ಣೆಯನ್ನು ಊಡುವ ಪಂಪು ಇದೇ. ಇದು ನಿಂತುಹೋದರೆ ಓಡುತ್ತಿರುವ ಎಂಜಿನ್ನಿನ ಆಯುಸ್ಸು ಕೆಲವು ನಿಮಿಷ ಮಾತ್ರ.

ಎರಡು ಚಕ್ರಗಳಲ್ಲಿ ಒಂದನ್ನು ಎಂಜಿನ್ನು ತಿರುಗಿಸುತ್ತದೆ. ಇನ್ನೊಂದು ಅದರ ಹಲ್ಲಿಗೆ ಸಿಕ್ಕಿ ಎದುರು ದಿಕ್ಕಿಗೆ ತಿರುಗುತ್ತದೆ. ಎಣ್ಣೆಯು ಚಕ್ರಗಳ ನಡುವಿನಿಂದ ನುಗ್ಗಿ ಆಚೆಗೆ ಹೋಗುವುದೆಂದು ನೋಡಿದವರು ಮೊದಲು ಊಹಿಸುವರು. ನಾವೂ ಹಾಗೆಯೇ ಊಹಿಸಿದ್ದೆವು. ಆಗುವುದು ಬೇರೆ. ಹಲ್ಲುಹಲ್ಲಿನ ನಡುವಣ ಕುಳಿಗಳಲ್ಲಿ ತುಂಬಿದ ಎಣ್ಣೆಯು ಡಬ್ಬಿಯ ಗೋಡೆಯನ್ನು ಸವರಿಕೊಂಡು ಹೊರಸುತ್ತಿನಿಂದ ಆಚೆ ಬದಿಯನ್ನು ಸೇರುತ್ತದೆ. ನಡುವೆ ಹಲ್ಲುಗಳು ಒಂದರ ಕುಳಿಯಲ್ಲೊಂದು ಕೂಡಿಕೊಂಡಿರುವುದರಿಂದ ಅದಕ್ಕೆ ಹಿಂದಿರುಗಲು ದಾರಿಯಿಲ್ಲ. ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಕೊಟ್ಟ ಕೆಪ್ಲರನು 1600ರ ಸುಮಾರಿನಲ್ಲೇ ನೀರೆತ್ತುವುದಕ್ಕೆ ಇಂಥ ಪಂಪನ್ನು ಯೋಚಿಸಿದ್ದನು. ಅಂಬಾಸಡರಿನಂಥ ಹಳೆಯ ಎಂಜಿನ್ನುಗಳಲ್ಲಿ ಕ್ಯಾಮ್ ದಂಡವು ಪಂಪನ್ನು ತಿರುಗಿಸುತ್ತಿತ್ತು. 1983ರಲ್ಲಿ ಬಂದ ಮಾರುತಿ 800ರಲ್ಲಿ ಅದು ಕ್ರ್ಯಾಂಕ್ ದಂಡದ ಮುಂತುದಿಯಲ್ಲೇ ಕುಳಿತಿತು.

ಪಂಪು ಎಣ್ಣೆಯನ್ನು ಹೀರುತ್ತದೆ ಎನ್ನುವುದು ಮಾತಿನ ರೂಢಿ. ವಾಸ್ತವವಾಗಿ ಹಲ್ಲುಗಳು ಬಿಡಿಸಿಕೊಳ್ಳುವ ಕಡೆಯಲ್ಲಿ ಒತ್ತಡ ತಗ್ಗುತ್ತದೆ. ಕೆಳಗಿನ ತೊಟ್ಟಿಯಲ್ಲಿರುವ ಎಣ್ಣೆಯನ್ನು ವಾಯುಮಂಡಲದ ಭಾರವು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಈ ಭಾರವು ಕರಾವಳಿಯಲ್ಲಿರುವುದರ ಹತ್ತರಲ್ಲಿ ಒಂಬತ್ತು ಪಾಲು. ತಳ್ಳುವ ಬಲ ಇಷ್ಟೇ ಆದುದರಿಂದ, ಹೀರುಗೊಳವೆಯ ಬಾಯಿಯಲ್ಲಿರುವ ಜಾಲರಿಗೆ ಜಿಡ್ಡು ಕಟ್ಟಿದರೆ ಪಂಪು ಎಷ್ಟು ಬಲವಾಗಿ ತಿರುಗಿದರೂ ಎಣ್ಣೆ ಬಾರದು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಪಂಪು ಹುಟ್ಟಿಸುವುದು ಹರಿವನ್ನು. ಆ ಹರಿವಿಗೆ ಅಡ್ಡಿಯಾದಾಗ ಒತ್ತಡ ತಾನಾಗಿ ಹುಟ್ಟುತ್ತದೆ. ನಲ್ಲಿಯ ಕೊಳವೆಯ ಬಾಯಿಗೆ ಬೆರಳಿಟ್ಟವರಿಗೆ ಇದರ ಅನುಭವವಿದೆ. ಎಂಜಿನ್ನಿನಲ್ಲಿ ಬೆರಳಿನ ಕೆಲಸವನ್ನು ಮಾಡುವುದು ಬೇರಿಂಗುಗಳು. ದಂಡಕ್ಕೂ ಬೇರಿಂಗಿಗೂ ನಡುವೆ ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲಿನಷ್ಟೇ ಸಂದು. ಎಂಜಿನ್ನು ವೇಗವಾಗಿ ಓಡಿದಂತೆ ಹರಿವು ಹೆಚ್ಚಿ ಒತ್ತಡ ಮಿತಿಮೀರಬಾರದೆಂದು ಸ್ಪ್ರಿಂಗಿನ ಕವಾಟವೊಂದನ್ನು ಇಟ್ಟಿರುತ್ತಾರೆ; ಅದು ತೆರೆದು ಮಿಕ್ಕ ಎಣ್ಣೆಯನ್ನು ತೊಟ್ಟಿಗೆ ಹಿಂದಿರುಗಿಸುತ್ತದೆ.

ಹಾಗಾದರೆ ಆ ದಂಡವನ್ನು ಎತ್ತಿ ಹಿಡಿದಿರುವುದು ಪಂಪಿನ ಒತ್ತಡವೇ? ಅಲ್ಲ. 1883ರಲ್ಲಿ ಇಂಗ್ಲೆಂಡಿನ ಬೀಚಂ ಟವರ್ ರೈಲುಗಾಡಿಯ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತಿದ್ದಾಗ ಅದರ ನೆತ್ತಿಯಲ್ಲಿ ಒಂದು ರಂಧ್ರವನ್ನು ಕೊರೆದನು. ಅಲ್ಲಿಂದ ಎಣ್ಣೆ ಉಕ್ಕಿತು. ಮರದ ಬಿರಡೆಯನ್ನು ಬಡಿದರೆ ಅದೂ ಮೇಲೆದ್ದು ಬಂತು. ಮಾಪಕವನ್ನು ಜೋಡಿಸಿದಾಗ ಮುಳ್ಳು ಚದರ ಅಂಗುಲಕ್ಕೆ 200 ಪೌಂಡಿನ ಗುರುತನ್ನೂ ದಾಟಿತು. ಅಲ್ಲಿ ಪಂಪೇ ಇರಲಿಲ್ಲ! ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಕಿರಿದಾಗುವ ಸಂದಿಗೆ ಎಳೆದೊಯ್ದು, ಬೆಣೆಯಂತೆ ತುರುಕಿ, ಅದರ ಮೇಲೆ ತೇಲುತ್ತಿತ್ತು. ಆಸ್ಬರ್ನ್ ರೆನಾಲ್ಡ್ಸನು 1886ರಲ್ಲಿ ಇದರ ಗಣಿತವನ್ನು ಬಿಡಿಸಿಟ್ಟನು. ಪಂಪಿನ ಕರ್ತವ್ಯವೆಂದರೆ ಆ ಬೆಣೆಗೆ ಎಣ್ಣೆಯನ್ನು ತಪ್ಪದೆ ಒದಗಿಸುವುದು, ಮತ್ತು ಕಾವನ್ನು ಹೊತ್ತೊಯ್ಯುವುದು. ಸೇವೆ ಚಿಕ್ಕದೆನಿಸಿದರೂ ಅದಿಲ್ಲದೆ ಬೆಣೆಯಿಲ್ಲ; ಲೋಹ ಲೋಹವನ್ನು ಉಜ್ಜುತ್ತದೆ.

ನಮ್ಮ ಪರಿಚಿತರೊಬ್ಬರು ಇಂದಿರಾನಗರದಿಂದ ಕೃಷ್ಣರಾಜಪುರಕ್ಕೆ ಹಳೆಯ ಮದರಾಸು ರಸ್ತೆಯಲ್ಲಿ ದಿನವೂ ಕಾರಿನಲ್ಲಿ ಹೋಗುತ್ತಿದ್ದರು. ಟಿನ್ ಫ್ಯಾಕ್ಟರಿಯ ಬಳಿ ವಾಹನಗಳ ದಟ್ಟಣೆಯಲ್ಲಿ ನಿಂತಾಗ ಎಣ್ಣೆಯ ಕೆಂಪು ದೀಪ ಮಿಣುಕುವುದು. ಆಕ್ಸಿಲರೇಟರನ್ನು ತುಸು ಒತ್ತಿದರೆ ಆರುವುದು. ಆರಿತಲ್ಲ ಎಂದು ಅವರು ಸುಮ್ಮನಾದರು. ಬಳಿಕ ಹಲಸೂರಿನಲ್ಲಿ ಯಾರೋ ಹೇಳಿದರೆಂದು ಹೆಚ್ಚು ಮಂದವಾದ ಎಣ್ಣೆಯನ್ನು ಹಾಕಿಸಿದರು. ದೀಪವೇನೋ ಆರಿತು, ರೋಗ ಉಳಿಯಿತು. ಕೆಲವು ತಿಂಗಳ ಮೇಲೆ ಎಂಜಿನ್ನು ತಳದಿಂದ ಕುಟ್ಟಲಾರಂಭಿಸಿದಾಗ ಶಿವಾಜಿನಗರದ ಓಣಿಯೊಂದರ ಕಾರ್ಖಾನೆಗೆ ಒಯ್ದರು. ನಾವೂ ಜೊತೆಗೆ ಹೋದೆವು.

ಅಲ್ಲಿನ ಉಸ್ತಾದರು ಪಂಪನ್ನು ಬಿಚ್ಚಿ, ಮುಚ್ಚಳದ ಒಳಮೈಯನ್ನು ನಮ್ಮ ಉಗುರಿಗೆ ಮುಟ್ಟಿಸಿದರು. ಉಗುರು ಸಿಕ್ಕುವಷ್ಟು ಆಳವಾಗಿ ಗೀರು ಬಿದ್ದಿತ್ತು. ನೆಟ್ಟನೆಯ ಪಟ್ಟಿಯನ್ನು ಅಡ್ಡಲಾಗಿರಿಸಿ, ತೆಳು ಉಕ್ಕಿನ ಎಲೆಗಳನ್ನು ತೂರಿಸಿ ಸಂದನ್ನು ಅಳೆದರು. ಹೊಸ ಪಂಪಿನಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗೂ ಸಾಮಾನ್ಯವಾಗಿ ಮೀರದ ಸಂದು ಇಲ್ಲಿ ಬಹಳ ಅಗಲಿಸಿತ್ತು. ಬೇರಿಂಗುಗಳ ಮೇಲಣ ಬಿಳಿಯ ಪದರ ಸವೆದು ತಾಮ್ರದ ಬಣ್ಣ ಕಾಣುತ್ತಿತ್ತು. ಕಾದ ಎಣ್ಣೆ ನೀರಾಗಿ ಈ ಎರಡೂ ಕಡೆ ಸೋರುತ್ತಿತ್ತು; ನಿಧಾನಗತಿಯಲ್ಲಿ ಪಂಪು ಸೋರಿಕೆಯನ್ನು ತುಂಬಿಕೊಡಲಾರದೆ ದೀಪ ಹೊತ್ತುತ್ತಿತ್ತು. ಜಾಲರಿಗೆ ಜಿಡ್ಡು ಕಟ್ಟಿದ್ದರೆ ಲಕ್ಷಣ ತಿರುಗುಮುರುಗಾಗಿ, ವೇಗವಾಗಿ ಓಡುವಾಗಲೇ ಒತ್ತಡ ಬೀಳುತ್ತಿತ್ತಂತೆ. ಪಂಪೊಂದನ್ನೇ ಬದಲಿಸಿದರೆ ಸಾಲದೆ ಎಂದು ನಮ್ಮ ಪರಿಚಿತರು ಕೇಳಿದರು. “ಸಾರ್, ಹೊಸ ಪಂಪು ತೂತಿನ ಕೊಡಕ್ಕೆ ನೀರು ಸುರಿದ ಹಾಗೆ” ಎಂದರು ಉಸ್ತಾದರು.

ಪಂಪನ್ನು ಮನೆಯಲ್ಲಿ ಬಿಚ್ಚುವ ಅಗತ್ಯವಿಲ್ಲ. ಅದರ ಆರೈಕೆಯೆಲ್ಲ ಎಣ್ಣೆಯ ಆರೈಕೆಯೇ. ಸಮನೆಲದಲ್ಲಿ ಕಾರನ್ನು ನಿಲ್ಲಿಸಿ, ಕೆಲವು ನಿಮಿಷ ಕಾದು, ಅಳತೆ ಕಡ್ಡಿಯನ್ನು ಒರೆಸಿ ಅದ್ದಿ ನೋಡಬೇಕು. ಮಟ್ಟ ಎರಡು ಗುರುತುಗಳ ನಡುವೆ ಇರಬೇಕು. ತಯಾರಕರು ಹೇಳಿದ ದರ್ಜೆಯ ಎಣ್ಣೆಯನ್ನೂ ಸೋಸುಕವನ್ನೂ ಹೇಳಿದ ಅವಧಿಗೆ ಬದಲಿಸಬೇಕು. ನಿಂತು ನಿಂತು ಸಾಗುವ ನಗರದ ಓಡಾಟವನ್ನು ಕಠಿಣ ದುಡಿಮೆಯೆಂದು ಎಣಿಸಿ ಅವಧಿಯನ್ನು ಕಡಿಮೆ ಮಾಡುವುದು ಒಳಿತು. ಎಣ್ಣೆ ಕಪ್ಪಾಯಿತೆಂದು ಗಾಬರಿಪಡಬೇಕಾಗಿಲ್ಲ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದೂ ಅದರ ಕೆಲಸವೇ. ಓಡುವಾಗ ಕೆಂಪು ದೀಪ ಹೊತ್ತಿದರೆ ಬದಿಗೆ ನಿಲ್ಲಿಸಿ ಎಂಜಿನ್ನನ್ನು ಆಗಲೇ ಆರಿಸಬೇಕು. ಮಟ್ಟ ಸರಿಯಿದ್ದರೆ, ದೀಪದ ಸ್ವಿಚ್ಚನ್ನು ಕಳಚಿ ಅಲ್ಲಿ ಮಾಪಕವನ್ನು ತೊಡಿಸಿ ನಿಜವಾದ ಒತ್ತಡವನ್ನು ಅಳೆಯಿಸಬೇಕು. ಕೆಲವೊಮ್ಮೆ ಕೆಟ್ಟಿರುವುದು ಸ್ವಿಚ್ಚು ಮಾತ್ರ.

ಹೊಸ ಪಂಪನ್ನು ಜೋಡಿಸುವ ಮುನ್ನ ಉಸ್ತಾದರು ಅದರ ಬಾಯಿಗೆ ಎಣ್ಣೆಯನ್ನು ಸುರಿದು ಚಕ್ರಗಳನ್ನು ಕೈಯಿಂದ ತಿರುಗಿಸಿದರು. ಒಣಗಿದ ಹಲ್ಲುಗಳ ಸಂದಿನಲ್ಲಿ ಗಾಳಿ ನುಸುಳಿ, ತೊಟ್ಟಿಯಿಂದ ಎಣ್ಣೆ ಏರುವುದೇ ಇಲ್ಲವಷ್ಟೆ. ಎಲ್ಲವನ್ನೂ ಬಿಗಿದಾದ ಮೇಲೆ ಕೀಲಿಯನ್ನು ತಿರುಗಿಸಿದರು. ದೀಪ ಒಂದೆರಡು ಸೆಕೆಂಡು ಕೆಂಪಗಿದ್ದು ಆರಿತು. ಎಂಜಿನ್ನನ್ನು ಕಾಯಿಸಿ, ಅದು ನಿಧಾನಗತಿಗೆ ಇಳಿಯುವವರೆಗೆ ನಾವೆಲ್ಲರೂ ಆ ದೀಪವನ್ನೇ ನೋಡುತ್ತ ನಿಂತೆವು.